ಅಣ್ಣನಿಗೆ ಬೇಕಿದ್ದ ಟೈರು

ಅಣ್ಣ ಕಾರು ಓಡಿಸುವುದನ್ನು ಬಿಟ್ಟದ್ದು ಒಂದು ಮಧ್ಯಾಹ್ನ, ನಾಲ್ಕು ರಸ್ತೆ ಕೂಡುವ ಜಾಗದಲ್ಲಿ. ಬದಿಯಿಂದ ಬಂದ ಸೈಕಲ್ಲಿನವನು ಅವನಿಗೆ ಕಾಣಿಸಲೇ ಇಲ್ಲ. ಸೈಕಲ್ಲಿನವನೇ ಹೇಗೋ ತಪ್ಪಿಸಿಕೊಂಡು, ಬಾನೆಟ್ಟಿನ ಮೇಲೆ ಒಂದು ಗುದ್ದು ಗುದ್ದಿ, ಬಾಯಿಗೆ ಬಂದದ್ದನ್ನು ಬೈದು ಹೋದ. ಅಣ್ಣ ಕಾರನ್ನು ರಸ್ತೆಯ ಅಂಚಿಗೆ ನಿಲ್ಲಿಸಿ, ಇಳಿದು, ತಂಗಿಗೆ ಫೋನ್ ಮಾಡಿದ.

"ಗುಬ್ಬಿ, ಡ್ಯೂಟಿ ಮುಗೀತಾ? ಬಂದು ಕಾರು ತಗೊಂಡು ಹೋಗು."

"ಎಲ್ಲಿಗೆ?"

"ನಿನ್ನ ಮನೆಗೆ. ಇನ್ನು ಅಲ್ಲೇ ಇರ್ಲಿ."

ಕಣ್ಣಿನೊಳಗೆ ಒತ್ತಡ ಏರಿ, ನೋಟದ ಅಂಚುಗಳು ಮಂಕಾಗುತ್ತಿವೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ನೇರಕ್ಕೆ ಇದ್ದದ್ದು ಅವನಿಗೆ ಚೆನ್ನಾಗಿಯೇ ಕಾಣುತ್ತಿತ್ತು. ಪೇಪರು ಓದುತ್ತಿದ್ದ, ಹೈಸ್ಕೂಲಿನಲ್ಲಿ ಭೂಗೋಳದ ಪಾಠ ಮಾಡುತ್ತಿದ್ದ, ಗೋಡೆಯ ನಕ್ಷೆಯಲ್ಲಿ ನದಿ ಎಲ್ಲಿ ಹುಟ್ಟಿ ಎಲ್ಲಿ ಸಮುದ್ರ ಸೇರುತ್ತದೆ ಎಂದು ಕೋಲಿಟ್ಟು ತೋರಿಸುತ್ತಿದ್ದ. ಎರಡು ಪಕ್ಕಗಳಲ್ಲಿ ಏನು ನಡೆಯುತ್ತಿದೆ ಎನ್ನುವುದು ಮಾತ್ರ ತಿಳಿಯುತ್ತಿರಲಿಲ್ಲ. "ಕೊನೆ ಬೆಂಚಿನವರ ಕಾಲ ಹೋಯ್ತು, ಈಗ ಪಕ್ಕದ ಬೆಂಚಿನವರಿಗೆ ಸುಗ್ಗಿ," ಎಂದು ತಾನೇ ಹೇಳಿಕೊಂಡು ನಗುತ್ತಿದ್ದ. ಕಾರಿನ ವಿಷಯ ಬಂದರೆ ಮಾತ್ರ ನಗು ಇರುತ್ತಿರಲಿಲ್ಲ.

ಅದೊಂದು ಕೆಂಪು ಬಣ್ಣದ ಪುಟ್ಟ ಕಾರು. ಹಿಂದೆ ಇಬ್ಬರು ಕೂತರೆ ಮೊಣಕಾಲು ಗದ್ದಕ್ಕೆ ತಾಗುವಂಥದ್ದು. ಊರಿನಿಂದ ಒಂದಿಷ್ಟು ದೂರದಲ್ಲಿ ರೇಸ್ ಟ್ರ್ಯಾಕ್ ಇತ್ತು. ವರ್ಷದಲ್ಲಿ ಕೆಲವು ಭಾನುವಾರ ಅದನ್ನು ಸಾಮಾನ್ಯ ಜನರಿಗೆ ತೆರೆಯುತ್ತಿದ್ದರು. ಹೆಲ್ಮೆಟ್ ಹಾಕಿಕೊಂಡು, ಬ್ರೇಕು ಸರಿಯಿದೆಯೆಂದು ತೋರಿಸಿ, ತಮ್ಮ ತಮ್ಮ ಕಾರನ್ನು ಮನಸ್ಸಿಗೆ ಬಂದ ಹಾಗೆ ಓಡಿಸಬಹುದಿತ್ತು. ಅಣ್ಣ ಒಂದು ಭಾನುವಾರವನ್ನೂ ಬಿಟ್ಟವನಲ್ಲ. "ಇವರು ಮದುವೆ ಆಗಿದ್ದು ನನ್ನನ್ನೋ ಆ ಡಬ್ಬವನ್ನೋ, ಇವತ್ತಿಗೂ ಗೊತ್ತಾಗಿಲ್ಲ," ಎಂದು ಅತ್ತಿಗೆ ಗೊಣಗುತ್ತಿದ್ದಳು. ಗೊಣಗುತ್ತಲೇ ತಿಂಡಿ ಕಟ್ಟಿ ಕೊಡುತ್ತಿದ್ದಳು.

ಅಣ್ಣನಿಗೆ ಒಂದು ಆಸೆ ಉಳಿದುಬಿಟ್ಟಿತ್ತು. ಟ್ರ್ಯಾಕಿಗೆಂದೇ ಮಾಡಿದ, ಮೆತ್ತನೆಯ ರಬ್ಬರಿನ ಟೈರು. ಬಿಸಿಯಾದರೆ ಅಂಟಿನ ಹಾಗೆ ನೆಲ ಹಿಡಿಯುತ್ತದೆ, ರಸ್ತೆಯ ಮೇಲೆ ಓಡಿಸಲೂ ಕಾನೂನಿನ ಅಡ್ಡಿಯಿಲ್ಲ. ಅದನ್ನು ಹಾಕಿಸಿದವರು ತಿರುವಿನಲ್ಲಿ ಅವನನ್ನು ದಾಟಿ ಹೋಗುವಾಗೆಲ್ಲ ಅವನು "ಬರೋ ವರ್ಷ" ಎನ್ನುತ್ತಿದ್ದ. ಒಂದು ವರ್ಷ ಕ್ಲಚ್ ಕೆಟ್ಟಿತು, ಇನ್ನೊಂದು ವರ್ಷ ಮನೆಯ ಸೂರು ಸೋರಿತು. ಆಮೇಲೆ ಕಣ್ಣು.

ತಂಗಿ ಆಸ್ಪತ್ರೆಯ ಎಕ್ಸ್-ರೇ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದಳು. ನಲವತ್ತು ದಾಟಿದ್ದಳು, ಒಬ್ಬಳೇ ಇದ್ದಳು, ಹಾಗಿರುವುದು ಅವಳಿಗೆ ಒಗ್ಗಿಹೋಗಿತ್ತು. ಆಸ್ಪತ್ರೆಯಲ್ಲಿ ಎಲ್ಲರಿಗೂ ಮೇಡಂ. ಗುಬ್ಬಿ ಎಂದು ಕರೆಯುವವನು ಅಣ್ಣ ಒಬ್ಬನೇ. ಕಿಟಕಿಯಿಲ್ಲದ ಕೋಣೆಯಲ್ಲಿ, ಸೀಸದ ಗೋಡೆಯ ಹಿಂದೆ ನಿಂತು "ಉಸಿರು ಎಳೀರಿ, ಹಿಡ್ಕೊಳ್ಳಿ, ಈಗ ಬಿಡಿ" ಎಂದು ದಿನವಿಡೀ ಹೇಳುವುದು ಅವಳ ಕೆಲಸ. ಬೆಳಗಿನ ಪಾಳಿಗೆ ಬೆಳಕು ಹರಿಯುವ ಮೊದಲೇ ಹೊರಡಬೇಕಿತ್ತು. ಅಣ್ಣನ ಕಾರು ಕೈಗೆ ಬಂದ ಮೇಲೆ ಬಸ್ಸು ಕಾಯುವುದು ತಪ್ಪಿತು, ಅಷ್ಟೇ ಎಂದುಕೊಂಡಿದ್ದಳು.

ಅಷ್ಟೇ ಆಗಲಿಲ್ಲ. ಆಸ್ಪತ್ರೆಯ ದಾರಿಯಲ್ಲಿ ಸೇತುವೆ ಇಳಿದ ಮೇಲೆ ಉದ್ದನೆಯ ತಿರುವೊಂದಿತ್ತು. ಗೇರು ಒಂದು ಇಳಿಸಿ ಆ ತಿರುವಿಗೆ ಹೊಕ್ಕರೆ ಕಾರು ಮೈಬಗ್ಗಿಸಿ ಸೊಗಸಾಗಿ ತಿರುಗುತ್ತಿತ್ತು. ಆ ಒಂದು ಕ್ಷಣಕ್ಕಾಗಿ ಬೆಳಿಗ್ಗೆ ಎದ್ದು ಹೊರಡುವುದು ಅವಳಿಗೆ ಇಷ್ಟವಾಗತೊಡಗಿತು. ಚಿಕ್ಕಂದಿನಲ್ಲಿ ಅಣ್ಣ ಅವಳನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಇಳಿಜಾರಿನಲ್ಲಿ ಬ್ರೇಕು ಬಿಡುತ್ತಿದ್ದ. ಓಡಿಸುವವನು ಯಾವಾಗಲೂ ಅವನು, ಕಿರುಚುವವಳು ಇವಳು. ಹಿಡಿಕೆ ತನ್ನ ಕೈಯಲ್ಲಿದ್ದರೆ ಹೇಗಿರುತ್ತದೆ ಎಂದು ಅವಳನ್ನು ಯಾರೂ ಕೇಳಿರಲಿಲ್ಲ, ಅವಳೂ ಕೇಳಿಕೊಂಡಿರಲಿಲ್ಲ.

"ಅಣ್ಣ, ಟ್ರ್ಯಾಕಿಗೆ ನಾನು ಹೋಗಿ ಬರ್ಲಾ?" ಎಂದು ಒಂದು ದಿನ ಕೇಳಿದಳು.

ಅಣ್ಣ ಚಹಾದ ಲೋಟ ಕೆಳಗಿಟ್ಟ. "ನೀನಾ?"

"ಯಾಕೆ, ನಾನಾದ್ರೆ ಏನು?"

"ಏನಿಲ್ಲ. ಹೋಗು. ಹೋಗಲೇಬೇಕು," ಎಂದವನು ಆಗಲೇ ಕಾಗದ ತೆಗೆದು ಟ್ರ್ಯಾಕಿನ ಚಿತ್ರ ಬಿಡಿಸತೊಡಗಿದ್ದ.

ಆ ಭಾನುವಾರ ಅವಳೊಬ್ಬಳೇ ಹೋದಳು. ಶಾಲೆಯ ಪರೀಕ್ಷೆಯಿತ್ತು, ಅಣ್ಣನಿಗೆ ಬರಲಾಗಲಿಲ್ಲ. ಮೊದಲ ಸುತ್ತುಗಳಲ್ಲಿ ಎಲ್ಲರೂ ಅವಳನ್ನು ದಾಟಿ ಹೋದರು. ಮೂರನೆಯ ತಿರುವಿನಲ್ಲಿ ತಾನು ಉಸಿರು ಹಿಡಿದುಕೊಂಡೇ ಇದ್ದೇನೆ, ಬಿಡಿ ಎನ್ನುವವರು ಯಾರೂ ಇಲ್ಲ ಎಂದು ಹೊಳೆದು ಹೆಲ್ಮೆಟ್ಟಿನೊಳಗೇ ನಕ್ಕಳು. ಮಧ್ಯಾಹ್ನದ ಹೊತ್ತಿಗೆ ಹಳೆಯ ಟೈರುಗಳು ಅರಚಾಡುತ್ತಿದ್ದವು. ಸಂಜೆ ಇಳಿದು ನೋಡಿದರೆ ಮುಂದಿನ ಎರಡರ ಅಂಚು ಇಲಿ ಕಚ್ಚಿದ ಹಾಗೆ ಕಿತ್ತುಹೋಗಿತ್ತು. ಮನೆಗೆ ಬಂದು ಮಲಗಿದರೂ ಮಂಚ ತಿರುವಿನಲ್ಲಿ ವಾಲುತ್ತಿರುವಂತೆ ಅನಿಸುತ್ತಿತ್ತು. ಮತ್ತೆ ಯಾವಾಗ ಎನ್ನುವುದೊಂದೇ ಯೋಚನೆ.

ಹೀಗೆ ಟೈರು ತರುವ ಮಾತು ಬಂತು. ಅಂಗಡಿಗೆ ಅಣ್ಣನೂ ಹೊರಟ. ಅತ್ತಿಗೆ ಬಾಗಿಲಲ್ಲಿ ನಿಂತು, "ಬೇಗ ಬನ್ನಿ. ಇವರು ನನ್ನ ಸೀರೆ ಅಂಗಡಿಗೆ ಬಂದ್ರೆ ಹತ್ತು ನಿಮಿಷಕ್ಕೆ ಕಾಲು ನೋವು, ಟೈರಂಗಡೀಲಿ ಸಾಯಂಕಾಲದವರೆಗೂ ನಿಂತಿರ್ತಾರೆ," ಎಂದಳು.

ಟೈರಂಗಡಿಯವನು ಅಣ್ಣನ ಹಳೆಯ ಪರಿಚಯದವನು, ಹೊಟ್ಟೆ ಮುಂದಾದ, ನಿಧಾನ ಮಾತಿನ ಮನುಷ್ಯ. ಕಿತ್ತುಹೋದ ಅಂಚಿನ ಮೇಲೆ ಹೆಬ್ಬೆರಳು ಆಡಿಸಿ, "ಇದು ಸಂಸಾರಸ್ಥರ ಟೈರು ಮೇಡಂ. ಇದನ್ನ ಕುಣಿಸಿದ್ರೆ ಹೀಗೇ ಆಗೋದು," ಎಂದ. ಒಳಗಿಂದ ಎರಡು ಟೈರು ಉರುಳಿಸಿಕೊಂಡು ಬಂದ.

ಮೊದಲನೆಯದು ಅಣ್ಣನಿಗೆ ಬೇಕಾದದ್ದು. ಮೈಮೇಲೆ ಗೀರುಗಳು ಇದ್ದೂ ಇಲ್ಲದಂತಿದ್ದವು. ಅಣ್ಣ ಕುಕ್ಕರುಗಾಲಿನಲ್ಲಿ ಕೂತು ಅದನ್ನು ಅಂಗೈಯಲ್ಲಿ ಸವರಿದ, ಉಗುರಿನಿಂದ ಒತ್ತಿದ. ಉಗುರಿನ ಗುರುತು ಹಾಗೇ ಉಳಿಯಿತು. "ನೋಡು ಗುಬ್ಬಿ," ಎಂದ. ದನಿ ಇಳಿದುಹೋಗಿತ್ತು.

"ಮಳೇಲಿ?" ಎಂದು ತಂಗಿ ಕೇಳಿದಳು.

"ಮಳೇಲಿ ಇದು ದೇವರ ಮೇಲೆ ಭಾರ," ಎಂದ ಅಂಗಡಿಯವನು. "ನೀರು ಹೊರಗೆ ಹೋಗೋಕೆ ದಾರಿ ಬೇಕಲ್ಲ, ಗೀರೇ ಇಲ್ಲ. ಚಳಿಯಲ್ಲೂ ಬಿಸಿ ಏರೋವರೆಗೆ ಜಾರುತ್ತೆ. ದಿನಾ ಓಡಿಸಿದ್ರೆ ಬೇಗ ಸವೆದೂ ಹೋಗುತ್ತೆ. ಇನ್ನೊಂದಿದೆಯಲ್ಲ, ಇದಕ್ಕೆ ಗೀರು ಆಳ, ಪಕ್ಕ ಗಟ್ಟಿ, ಮಳೆಗೂ ಆಗುತ್ತೆ. ಟ್ರ್ಯಾಕಲ್ಲಿ ಆ ಮೆತ್ತನೇದರಷ್ಟು ಹಿಡಿಯಲ್ಲ, ಆದ್ರೆ ಜಾರೋ ಮುಂಚೆ ಕೂಗಿ ಹೇಳುತ್ತೆ. ಆ ಮೆತ್ತನೇದು ಹಾಗಲ್ಲ, ಹಿಡ್ಕೊಂಡಿರುತ್ತೆ, ಹಿಡ್ಕೊಂಡಿರುತ್ತೆ, ಆಮೇಲೆ ಒಂದೇ ಸಲ ಕೈಬಿಡುತ್ತೆ."

"ಮಳೆ ಬಂದ ದಿನ ನಿಧಾನ ಹೋದ್ರಾಯ್ತು," ಎಂದ ಅಣ್ಣ, ಟೈರಿನಿಂದ ಕೈ ತೆಗೆಯದೆ.

"ಬೇರೆ ಚಕ್ರಕ್ಕೆ ಹಾಕಿಟ್ಕೊಂಡು, ಟ್ರ್ಯಾಕಿಗೆ ಹೋಗೋ ದಿನ ಬದಲಾಯಿಸ್ಕೊಂಡ್ರೆ?" ಎಂದು ಅವಳು ಕೇಳಿದಳು.

"ಆ ನಾಲ್ಕನ್ನ ಈ ಕಾರಲ್ಲಿ ತುಂಬ್ಕೊಂಡು ಹೋಗ್ತೀರಾ? ಹಾಗಾದ್ರೆ ನೀವು ಬಸ್ಸಲ್ಲಿ ಬರ್ಬೇಕು." ಅಂಗಡಿಯವನು ನಕ್ಕ. ಆಮೇಲೆ, ಕೇಳಬೇಕಾದದ್ದೇ ಎಂಬಂತೆ ಅಣ್ಣನ ಕಡೆ ತಿರುಗಿ, "ಸರ್, ಈಗ ಓಡಿಸೋರು ಯಾರು?" ಎಂದ.

ಅಣ್ಣ ಟೈರನ್ನೇ ಸವರುತ್ತಾ ಕೂತ. ಪಕ್ಕದಲ್ಲಿ ಯಾರೋ ಗಾಳಿ ತುಂಬಿಸುತ್ತಿದ್ದರು, ಯಂತ್ರ ಒಂದೇ ಸಮ ಬಡಿದುಕೊಳ್ಳುತ್ತಿತ್ತು. ತಂಗಿ ಅಣ್ಣನ ಬಗ್ಗಿದ ತಲೆ ನೋಡಿದಳು. ನೆತ್ತಿಯ ಕೂದಲು ಯಾವಾಗ ಇಷ್ಟು ತೆಳುವಾಯಿತೋ ತಿಳಿಯಲಿಲ್ಲ. ಹೂಂ ಅನ್ನುವುದು ಎಷ್ಟು ಸುಲಭ ಎನಿಸಿತು. ಅವನ ಮುಖ ಅರಳುತ್ತದೆ, ಇಬ್ಬರೂ ನಗುತ್ತಾ ಮನೆಗೆ ಹೋಗಬಹುದು. ಜೊತೆಗೇ ಬೆಳಗಿನ ಕತ್ತಲು, ಒದ್ದೆ ಸೇತುವೆ, ಅದರಾಚೆಯ ತಿರುವು ಕಣ್ಣಮುಂದೆ ಬಂದವು.

"ಇದೇ ಇರ್ಲಿ," ಎಂದು ಎರಡನೆಯ ಟೈರಿನ ಮೇಲೆ ಕೈಯಿಟ್ಟಳು.

ದಾರಿಯುದ್ದಕ್ಕೂ ಅಣ್ಣ ನೇರ ರಸ್ತೆಯನ್ನೇ ನೋಡುತ್ತಾ ಕೂತ. ಹೊಸ ಟೈರು ಹೇಗಿದೆ ಎಂದೂ ಕೇಳಲಿಲ್ಲ. ಮರುದಿನ ಅತ್ತಿಗೆ ಫೋನ್ ಮಾಡಿದಳು. "ಏನಾಯ್ತೇ ನಿಮ್ಮಿಬ್ಬರಿಗೆ? ನಿಮ್ಮಣ್ಣ ಮುಖ ಊದಿಸ್ಕೊಂಡು ಕೂತಿದಾರೆ. ಸಾರಿಗೆ ಉಪ್ಪು ಹಾಕೋದು ಮರೆತಿದ್ದೆ, ಅದನ್ನೂ ಹೇಳದೆ ಉಂಡೆದ್ದರು."

"ಅವನು ಕೇಳಿದ್ದನ್ನ ನಾನು ಬೇಡ ಅಂದೆ ಅತ್ತಿಗೆ."

"ನಿಮ್ಮಣ್ಣ ಈಗೀಗ ಕೇಳೋದೇ ಕಮ್ಮಿ," ಎಂದಳು ಅತ್ತಿಗೆ. ಗದರಿಕೆಯಿರಲಿಲ್ಲ ಆ ಮಾತಿನಲ್ಲಿ. ಆದರೂ ಆ ದಿನವೆಲ್ಲ ಸೀಸದ ಗೋಡೆಯ ಹಿಂದೆ ಅದು ಅವಳಿಗೆ ಚುಚ್ಚುತ್ತಲೇ ಇತ್ತು.

ಮುಂದಿನ ಭಾನುವಾರ ಟ್ರ್ಯಾಕ್ ತೆರೆದಾಗ ಕರೆಯದೆಯೇ ಅಣ್ಣ ಬಂದ. ಬೆಳ್ಳಂಬೆಳಿಗ್ಗೆ ಅವಳ ಗೇಟಿನ ಮುಂದೆ ತನ್ನ ಹಳೆಯ ಹೆಲ್ಮೆಟ್ ಹಿಡಿದು ನಿಂತಿದ್ದ. ಬಂದು ಪಕ್ಕದ ಸೀಟಿನಲ್ಲಿ ಕೂತ. ಟ್ರ್ಯಾಕಿನಲ್ಲಿ ಜೊತೆಗೊಬ್ಬರನ್ನು ಕೂರಿಸಿಕೊಳ್ಳಲು ಬಿಡುತ್ತಿದ್ದರು.

ಮೊದಲ ಸುತ್ತು ನಿಧಾನ, ಟೈರು ಬಿಸಿಯಾಗಲಿ ಎಂದು. ಎರಡನೆಯ ಸುತ್ತಿನಲ್ಲಿ ಅಣ್ಣ ಬಾಯಿಬಿಟ್ಟ.

"ಇಲ್ಲಿ ಬ್ರೇಕು... ಈಗ. ಬಿಡು. ತಿರುಗಿಸು. ಇನ್ನೂ. ಹೊರಗೆ ಬರ್ಲಿ, ಬರ್ಲಿ ಬಿಡು, ತಡೀಬೇಡ."

ತಿರುವಿನ ಒಳ ಅಂಚು ಅವನಿಗೆ ಕಾಣಲು ಸಾಧ್ಯವಿರಲಿಲ್ಲ. ಅವನು ನೇರ ಮುಂದೆ ನೋಡುತ್ತಾ, ನೆನಪಿನಿಂದಲೇ ಹೇಳುತ್ತಿದ್ದ. ಹೇಳಿದ ಜಾಗದಲ್ಲೇ ಅಂಚು ಬಂದು ಸಿಗುತ್ತಿತ್ತು. ಇಷ್ಟು ಜೋರಾಗಿ ಅವಳು ಯಾವತ್ತೂ ಹೋಗಿರಲಿಲ್ಲ. ಮೂರನೆಯ ತಿರುವಿಗೆ ಒಮ್ಮೆ ಅತಿಯಾಸೆಯಲ್ಲಿ ಹೊಕ್ಕಳು. ಮುಂದಿನ ಟೈರುಗಳು ಸಣ್ಣಗೆ ನರಳಿ, ಆಮೇಲೆ ದನಿ ಏರಿಸಿದವು. ಅಣ್ಣ ಹೇಳುವ ಮೊದಲೇ ಅವಳ ಕಾಲು ತಾನಾಗಿ ಹಗುರಾಯಿತು. ಕಾರು ಒಂದು ಮಾರು ಹೊರಕ್ಕೆ ಜಾರಿ, ನೆಲ ಹಿಡಿದು, ದಾರಿಗೆ ಬಂತು.

"ಕೇಳಿಸ್ತಾ?" ಎಂದು ಕೂಗಿದಳು.

ಅಲ್ಲಿಂದ ಮುಂದೆ ಅವನು ದಾರಿ ಹೇಳುವುದನ್ನು ನಿಲ್ಲಿಸಿದ. ಅವನ ಪಾದ ಖಾಲಿ ನೆಲವನ್ನು ಒತ್ತುವುದು, ಬಿಡುವುದು, ಒತ್ತುವುದು ಅವಳ ಓರೆಗಣ್ಣಿಗೆ ಬಿತ್ತು. ಎರಡು ಸುತ್ತಿನ ನಂತರ, "ಸಾಕು, ನಿಲ್ಲಿಸು," ಎಂದ.

ಇಳಿದವನೇ ತಂತಿಬೇಲಿಯ ಹತ್ತಿರ ಹೋಗಿ ನಿಂತ. ಅವಳು ಎಂಜಿನ್ ಆರಿಸಿ ಕಾದಳು. ಹತ್ತಿರ ಹೋಗಲೋ ಬೇಡವೋ ತಿಳಿಯದೆ ಬಾಟಲಿಯ ನೀರನ್ನೆಲ್ಲ ಕುಡಿದು ಮುಗಿಸಿದಳು. ಕೊನೆಗೆ ಅವನೇ ಬಂದು ಮುಂದಿನ ಚಕ್ರದ ಬಳಿ ಕೂತ. ಟೈರು ಇನ್ನೂ ಸುಡುತ್ತಿತ್ತು.

"ಆ ಮೆತ್ತನೇದನ್ನ ನಾನು ಕೇಳಿದ್ದು ನಿನಗೋಸ್ಕರ ಅಲ್ಲ," ಎಂದ.

"ಗೊತ್ತಿತ್ತು ಅಣ್ಣ."

"ನನ್ನ ಗಾಡಿಗೆ ಅದು ಕೂತಿರೋದನ್ನ ಒಂದ್ಸಲ ನೋಡ್ಬೇಕಿತ್ತು."

"ನಂಗೆ ಹೆದರಿಕೆ ಆಯ್ತು. ಬೆಳಿಗ್ಗೆ ಆ ಸೇತುವೆ ಮೇಲೆ ಹೋಗೋಳು ನಾನೊಬ್ಬಳೇ."

"ಸರಿಯಾಗೇ ಮಾಡಿದೆ. ಮೂರನೇದರಲ್ಲಿ ಆ ಟೈರಾಗಿದ್ರೆ ಬೇಲಿ ತಬ್ಕೊಂಡಿರ್ತಿದ್ವಿ." ಅವನು ನಗಲು ನೋಡಿದ. "ನಾನು ಓಡಿಸಿದ್ರೂ ಅಷ್ಟೇ. ಇಪ್ಪತ್ತು ವರ್ಷ ಅದಕ್ಕೆ ಆಸೆಪಟ್ಟೆ, ಹಾಕಿಸಿದ್ರೆ ಹೇಗಿರ್ತಿತ್ತೋ ಇನ್ನು ಗೊತ್ತಾಗೋದೇ ಇಲ್ಲ." ನಗು ಅರ್ಧಕ್ಕೇ ನಿಂತಿತು. ಅವಳು ಅವನ ಪಕ್ಕ ನೆಲದ ಮೇಲೆ ಕೂತಳು. ಇಬ್ಬರೂ ಬೇರೆಯವರ ಕಾರುಗಳು ಸುತ್ತುವುದನ್ನು ನೋಡಿದರು. ಸುತ್ತಿ ಬಂದ ಕಾರು ನೇರಕ್ಕೆ ಬಂದಾಗ ಮಾತ್ರ ಅವನ ಮುಖ ಸ್ವಲ್ಪ ಮೇಲೇಳುತ್ತಿತ್ತು.

ಆಮೇಲೆ ಅಣ್ಣ ಟ್ರ್ಯಾಕಿಗೆ ಬರಲಿಲ್ಲ. ಅವಳು ಕರೆದಳು, ಎರಡು ಮೂರು ಸಲ ಒತ್ತಾಯವನ್ನೂ ಮಾಡಿದಳು. "ಪಕ್ಕದಲ್ಲಿ ಕೂತ್ಕೊಳ್ಳೋಕೆ ಆಗಲ್ಲ ಗುಬ್ಬಿ, ಬಿಟ್ಬಿಡು," ಎಂದ. ಅವಳು ಬಿಟ್ಟಳು. ಆದರೆ ಟ್ರ್ಯಾಕಿಗೆ ಹೋಗುವುದನ್ನು ಬಿಡಲಿಲ್ಲ. ಬಿಡಬೇಕೇ ಎಂದು ಒಮ್ಮೆ ಅತ್ತಿಗೆಯನ್ನು ಕೇಳಿದ್ದಳು. "ನೀನೂ ಬಿಟ್ರೆ ಈ ಮನೇಲಿ ಇನ್ನೇನು ಮಾತಿರುತ್ತೆ?" ಎಂದಿದ್ದಳು ಅತ್ತಿಗೆ.

ಅಂಥ ಭಾನುವಾರಗಳ ಸಂಜೆ, ಅವಳು ಕೈಕಾಲು ತೊಳೆದು ಕೂರುವುದರೊಳಗೆ ಫೋನ್ ಬರುತ್ತಿತ್ತು. ಊಟ ಆಯಿತೇ, ದಣಿವಾಯಿತೇ ಎಂಬ ಮಾತೇ ಇಲ್ಲ.

"ಗಾಳಿ ಎಷ್ಟಿಟ್ಟಿದ್ದೆ?"

"ಬೆಳಿಗ್ಗೆ ಕಮ್ಮಿ ಇಟ್ಟಿದ್ದೆ. ಬಿಸಿಯಾದ್ಮೇಲೆ ಏರಿತು, ಮತ್ತೆ ಸ್ವಲ್ಪ ಬಿಟ್ಟೆ."

"ಅಂಚು?"

"ಚೆನ್ನಾಗಿದೆ. ಕಿತ್ತು ಬಂದಿಲ್ಲ."

"ಹೂಂ. ಹೇಳು."

ಅವಳು ಕಣ್ಣು ಮುಚ್ಚಿ ಹೇಳುತ್ತಿದ್ದಳು. ನೇರ ದಾರಿಯ ಕೊನೆಗೆ ಬ್ರೇಕು ಎಲ್ಲಿ ಒತ್ತಿದೆ, ಯಾವ ಗೇರಿಗೆ ಇಳಿಸಿದೆ, ಮೊದಲ ತಿರುವಿನಲ್ಲಿ ಕಾರಿನ ಮೂಗು ಹೇಗೆ ಒಳಗೆ ಬಂತು, ಎರಡನೆಯದರಲ್ಲಿ ಬಿಸಿಲು ನೇರ ಕಣ್ಣಿಗೆ ಹೊಡೆದದ್ದು. ಆ ಕಡೆಯಿಂದ ಹೂಂಗುಟ್ಟುವ ದನಿ ಬರುತ್ತಿತ್ತು. ಅವಳು ಅವಸರ ಮಾಡಿದರೆ "ನಿಧಾನ, ಅಲ್ಲಿ ಇನ್ನೂ ತಿರುವು ಮುಗಿದಿಲ್ಲ," ಎಂದು ತಡೆಯುತ್ತಿದ್ದ. ಮೂರನೆಯ ತಿರುವಿಗೆ ಬಂದಾಗ ಹೂಂಗುಟ್ಟುವುದೂ ನಿಲ್ಲುತ್ತಿತ್ತು. ಅವಳು ದನಿ ತಗ್ಗಿಸಿ, ಟೈರು ಮೊದಲು ಹೇಗೆ ನರಳಿತು, ಆಮೇಲೆ ಹೇಗೆ ಕೂಗಿತು ಎನ್ನುವುದನ್ನು ಒಂದೊಂದಾಗಿ ಬಿಡಿಸಿ ಹೇಳುತ್ತಿದ್ದಳು.

ಒಂದು ಸಂಜೆ ಹೇಳಿ ಮುಗಿಸಿದ ಮೇಲೂ ಆ ಕಡೆಯಿಂದ ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಫೋನ್ ಕಟ್ಟಾಯಿತೇ ಎಂದು ಅವಳು ಕಿವಿಯಿಂದ ತೆಗೆದು ನೋಡಿದಳು.

"ಅಣ್ಣ? ಇದೀಯಾ?"

"ಇದೀನಿ," ಎಂದ. ಸ್ವಲ್ಪ ತಡೆದು, "ದಣಿದಿದೀಯೇನೋ. ಇಲ್ದಿದ್ರೆ ಇನ್ನೊಂದು ಸುತ್ತು ಹೇಳ್ತೀಯಾ?" ಎಂದು ಕೇಳಿದ.

ಒಲೆಯ ಮೇಲೆ ಇಟ್ಟದ್ದು ಕುದಿದು ಉಕ್ಕುತ್ತಿತ್ತು. ಅವಳು ಎದ್ದು ಅದನ್ನು ಆರಿಸಿ, ಗೋಡೆಗೆ ಒರಗಿ ಕೂತು, ನೇರದ ಕೊನೆಯಿಂದ ಮತ್ತೆ ಶುರುಮಾಡಿದಳು.