ಮಡಿ ಕಾರು

ಹನ್ನೊಂದು ವರ್ಷ ನಾನು ದಿನಕ್ಕೆ ಮೂರು ಸಲ ಶಾಮರಾಯರಿಗೆ ಆಯುಷ್ಯ, ಆರೋಗ್ಯ, ಐಶ್ವರ್ಯ ಬೇಡಿದ್ದೇನೆ. ಅವರು ದೇವಸ್ಥಾನದ ಮೊಕ್ತೇಸರರು, ಸಂಕಲ್ಪದಲ್ಲಿ ಅವರ ಹೆಸರು ಬರಲೇಬೇಕು. ಬಾಯಿ ಹೇಳುತ್ತಿತ್ತು. ಅದೇ ಹೊತ್ತಿಗೆ ಮನಸ್ಸು ಏನು ಹೇಳುತ್ತಿತ್ತು ಎಂಬುದು ಗರ್ಭಗುಡಿಯೊಳಗೆ ಕೂತ ಅಮ್ಮನವರಿಗೆ ಮಾತ್ರ ಗೊತ್ತು.

ನಾನು ಶ್ರೀಕರ. ಮನೆ ಸಾಲಿಗ್ರಾಮದಲ್ಲಿ, ಪೂಜೆ ಗುಲ್ವಾಡಿಯ ಹೊಳೆಬದಿಯ ಸಣ್ಣ ದೇವಸ್ಥಾನದಲ್ಲಿ. ನನಗಿಂತ ಮೊದಲು ಅಪ್ಪಯ್ಯ ಅಲ್ಲೇ ಪೂಜೆ ಮಾಡುತ್ತಿದ್ದರು. ಆಗ ದೇವಸ್ಥಾನದ ಬಾವಿಯಲ್ಲಿ ಮಿಂದು ಒಳಗೆ ಹೋಗುವ ಕ್ರಮವಿತ್ತು. ಎರಡು ಮಳೆಗಾಲದ ಹಿಂದೆ ಆ ಬಾವಿಯ ಕಟ್ಟೆ ಕುಸಿದು ಒಳಗೆ ಬಿತ್ತು. ಕಟ್ಟಿಸಿ ಎಂದರೆ ಶಾಮರಾಯರು 'ಮೀಟಿಂಗಲ್ಲಿ ಇಡುವ' ಎಂದರು. ಮೀಟಿಂಗಲ್ಲಿ ಇಟ್ಟದ್ದು ಅಲ್ಲೇ ಉಳಿಯಿತು. ಹಾಗಾಗಿ ನಾನು ಮನೆಯಲ್ಲೇ ಮಿಂದು, ಒದ್ದೆ ಪಾಣಿಪಂಚೆಯಲ್ಲೇ ಇಪ್ಪತ್ತು ಕಿಲೋಮೀಟರು ಕಾರು ಓಡಿಸಿಕೊಂಡು ಹೋಗಬೇಕಾಯಿತು.

ಕಾರು ಎಂದರೆ ಎರಡು ಸಾವಿರದ ನಾಲ್ಕನೇ ಇಸವಿಯ ಬಿಳಿ ಮಾರುತಿ. ಅದು ನನ್ನದಲ್ಲ, ಹೆಂಡತಿ ಸೌಮ್ಯಶ್ರೀಯದು. ಬೈಂದೂರಿನ ಮಾವ ಅದನ್ನು ಹದಿನೈದು ವರ್ಷ ಓಡಿಸಿ, ಕಣ್ಣು ಮಂದವಾದ ಮೇಲೆ ಮಗಳ ಹೆಸರಿಗೆ ಮಾಡಿಸಿ ಕೊಟ್ಟರು. ಬೆಳಗಿನ ಪೂಜೆ ಮುಗಿಸಿ ಬಂದು, ಸೌಮ್ಯಳನ್ನು ಬ್ರಹ್ಮಾವರದ ಕನ್ನಡಕದ ಅಂಗಡಿಯ ಕೆಲಸಕ್ಕೂ ಮಗಳು ತನ್ವಿಯನ್ನು ಅಲ್ಲಿಯ ಶಾಲೆಗೂ ಬಿಡುವುದು, ಮತ್ತೆ ಮನೆಗೆ ಬಂದು ಮೀಯುವುದು, ಮತ್ತೆ ಗುಲ್ವಾಡಿ. ಕಾರಿಗೂ ನನಗೂ ಬಿಡುವಿರಲಿಲ್ಲ.

ಒಂದು ದಿನ ಮಧ್ಯಾಹ್ನದ ಪೂಜೆಗೆ ಹತ್ತು ಜನ ಸೇರಿದ್ದಾಗ ಶಾಮರಾಯರು ಕಾರಿನ ಹತ್ತಿರ ಬಂದರು. ಬಾಗಿಲು ತೆರೆಸಿ, ಊರುಗೋಲಿನ ತುದಿಯಿಂದ ಸೀಟನ್ನು ಒತ್ತಿದರು. ಪಂಚೆಯ ನೀರು ಕುಡಿದ ಸ್ಪಂಜಿನಿಂದ ಗುಳ್ಳೆ ಬಂತು.

"ಭಟ್ರೆ, ಬಟ್ಟಿ ಸೀಟ್ ಮೇಲೆ ಕೂಕಂಡ್ ಬಪ್ಪುದ್ ಎಂತ ಮಡಿ ಮಾರಾಯ್ರೆ? ನಿಮ್ಮ್ ಅಪ್ಪಯ್ಯ ಹೀಂಗ್ ಮಾಡಿರಾ?"

"ಬಾವಿ ಇದ್ದಿದ್ರೆ ನಾನೂ ಮಾಡ್ತಿರ್ಲಿಲ್ಲ ರಾಯ್ರೆ."

"ಬಾವಿ ಸುದ್ದಿ ಬೇರೆ, ಮಡಿ ಸುದ್ದಿ ಬೇರೆ."

ಬಾವಿ ಕಟ್ಟಿಸುವ ಯೋಗ್ಯತೆ ಇಲ್ಲದವರು ಮಡಿ ಅಳೆಯಲು ಬಂದಿದ್ದರು. ಒಳಗಿನ ಕಾರಣ ಎಲ್ಲರಿಗೂ ಗೊತ್ತಿತ್ತು. ಅವರ ಅಕ್ಕನ ಮಗ ಕೌಶಲ್ ಪಾಠಶಾಲೆ ಮುಗಿಸಿ ಬಂದು ಕೆಲಸವಿಲ್ಲದೆ ಕೂತಿದ್ದ. ದೀಪಾವಳಿ ಕಳೆದ ಮೇಲಿನ ಮೀಟಿಂಗಲ್ಲಿ ನನ್ನನ್ನು ತೆಗೆದು ಅವನನ್ನು ಹಾಕಲು ಒಂದು ನೆಪ ಬೇಕಿತ್ತು. ಆ ನೆಪವನ್ನು ಮಾತ್ರ ಇವರ ಕೈಗೆ ಕೊಡಬಾರದು ಎಂದು ನಾನು ಹಟ ಹಿಡಿದೆ. ಈ ಪೂಜೆ ಬಿಟ್ಟು ಬೇರೆ ಯಾವ ಕೆಲಸವೂ ನನಗೆ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಅದೇ ವಾರ ಕುಂದಾಪುರದ ಸೇತುವೆ ಇಳಿಯುವಾಗ ಕ್ಲಚ್ ಒತ್ತಿದ ಎಡಗಾಲಿನ ಹಿಮ್ಮಡಿ ಕಾರಿನ ನೆಲ ತೂತು ಮಾಡಿ ಕೆಳಗೆ ಹೋಯಿತು. ಬಗ್ಗಿ ನೋಡಿದರೆ ಡಾಂಬರು ಓಡುತ್ತಿದೆ. ಮೇಲಿನಿಂದ ನನ್ನ ಪಂಚೆಯ ನೀರು, ಕೆಳಗಿನಿಂದ ಹೈವೇಯಲ್ಲಿ ಮೀನು ಲಾರಿಗಳು ಸುರಿಸಿಕೊಂಡು ಹೋಗುವ ಉಪ್ಪು ನೀರು, ಎರಡೂ ಸೇರಿ ತಗಡನ್ನು ಹಪ್ಪಳ ಮಾಡಿದ್ದವು. ಕೋಟದ ಗ್ಯಾರೇಜಿನವನು ಕಾರಿನಡಿ ಮಲಗಿ ನೋಡಿ ಎದ್ದು, ಗುಜರಿಗೆ ಕೊಡಿ ಎಂದ. ಹೊಸ ನೆಲ ಕೂರಿಸಲು ಅವನು ಹೇಳಿದ ಲೆಕ್ಕ ಮೂಗಿಗಿಂತ ಮೂಗುತಿ ಭಾರ ಎನ್ನುವಂತಿತ್ತು.

ನಾನು ಕಾರನ್ನು ಹಂಗಾರಕಟ್ಟೆಗೆ ಒಯ್ದೆ. ಅಲ್ಲಿ ರವಿರಾಜ್ ಎಂಬವನು ದೋಣಿ ಕಟ್ಟುತ್ತಾನೆ, ಹಳೆಯ ದೋಣಿಗೆ ಫೈಬರ್ ಹೊದೆಸುತ್ತಾನೆ. ಉಪ್ಪು ನೀರಿನಲ್ಲೇ ಇರುವ ದೋಣಿಗೆ ಆಗುವುದು ಕಾರಿಗೆ ಯಾಕಾಗಬಾರದು ಎಂಬುದು ನನ್ನ ವಾದ. ಅವನಿಗೆ ವಾದ ಹಿಡಿಸಿತು. "ಉಜ್ಜು ಕೆಲ್ಸ ನೀವೇ ಮಾಡ್ಕಣಿ ಭಟ್ರೆ, ಆಗ ಕಡ್ಮಿಗೆ ಆತ್ತ್" ಎಂದ.

ಹತ್ತು ದಿನ ನಾನು ಪೂಜೆಗೆ ಪಕ್ಕದ ಮನೆಯವರ ಬೈಕಿನಲ್ಲಿ ಹೋಗಿ ಬಂದು, ನಡುವಿನ ಹೊತ್ತಿನಲ್ಲಿ ದೋಣಿಗಳ ಮಧ್ಯೆ ಕುಕ್ಕರುಗಾಲಲ್ಲಿ ಕೂತು ತುಕ್ಕು ಕೆರೆದೆ. ತಂತಿ ಬ್ರಶ್ಶಿನಲ್ಲಿ ಉಜ್ಜಿ, ರೆಡ್ ಆಕ್ಸೈಡ್ ಬಳಿದು, ಹೋದಲ್ಲಿಗೆಲ್ಲ ತಗಡು ಬೆಸೆಸಿ, ಅದರ ಮೇಲೆ ಫೈಬರಿನ ಬಟ್ಟೆ ಹಾಸಿ ಅಂಟು ಸುರಿದೆವು. ಎಡಗಡೆಯ ಬಾಗಿಲು ಕೆಳಗಿನಿಂದ ಉದುರಿತ್ತು. ಗುಜರಿಯಲ್ಲಿ ಅದೇ ಮಾದರಿಯ ಹಸಿರು ಬಾಗಿಲು ಸಿಕ್ಕಿತು, ಹಸಿರೇ ಇರಲಿ ಎಂದು ಕೂರಿಸಿದೆವು. ವೈಪರಿನ ಮೋಟಾರು ಒಂದು ಸತ್ತ ಓಮ್ನಿಯದು. ನನ್ನ ಕೈಯ ಚರ್ಮ ಸುಲಿದು, ತೀರ್ಥ ಕೊಡುವಾಗ ಉರಿಯುತ್ತಿತ್ತು. ಆದರೂ ಸುಳ್ಳು ಹೇಳುವುದಿಲ್ಲ, ಆ ಹತ್ತು ದಿನ ನಾನು ಸಂತೋಷವಾಗಿದ್ದೆ.

ಕೊನೆಗೆ ಡ್ರೈವರ್ ಸೀಟು ಕಿತ್ತು ಹಾಕಿ, ಆ ಜಾಗದಲ್ಲಿ ಹಲಸಿನ ಹಲಗೆಯ ಮಣೆ ಮಾಡಿಸಿದೆ. ಬೆನ್ನಿಗೂ ಒಂದು ಹಲಗೆ. ಮರದ ಮಣೆಗೆ ಬಟ್ಟೆಯ ಹಾಗೆ ಮೈಲಿಗೆ ಹತ್ತುವುದಿಲ್ಲ, ಇದು ಶಾಮರಾಯರಿಗೂ ಗೊತ್ತಿರುವ ವಿಷಯ. ರವಿರಾಜ್ ಬೋಲ್ಟ್ ಬಿಗಿಯುತ್ತಾ ನಕ್ಕ. "ಮಡಿ ಒಳಿತ್ತ್, ನಿಮ್ಮ್ ಬೆನ್ನ್ ಹೋತ್ತ್ ಕಾಣಿ."

ಬೆನ್ನು ಮೊದಲ ದಿನವೇ ಹೋಯಿತು. ಸರ್ವಿಸ್ ರಸ್ತೆಯ ಒಂದೊಂದು ಹೊಂಡವೂ ನೇರ ತಲೆಗೆ ಬಡಿಯುತ್ತಿತ್ತು. ತನ್ವಿಗೆ ಅದೇ ತಮಾಷೆ. "ಅಪ್ಪಯ್ಯ ಊಟಕ್ಕ್ ಕೂತಾಂಗೆ ಕೂಕಂಡಿರ್, ಬಾಳಿ ಎಲಿ ಹಾಕುದೊಂದ್ ಬಾಕಿ!" ಸೌಮ್ಯ ಪಕ್ಕದ ಸೀಟಿನಲ್ಲಿ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಗುಲ್ವಾಡಿಯಲ್ಲಿ ಶಾಮರಾಯರು ಮಣೆಯನ್ನು ನೋಡಿದರು. ಊರುಗೋಲಿನಿಂದ ಟಕ್ ಟಕ್ ಎಂದು ಬಡಿದು ನೋಡಿದರು. ಸುತ್ತ ನಿಂತವರು, ಭಟ್ಟರು ಬುದ್ಧಿವಂತರು ಎಂದರು. ಶಾಮರಾಯರ ಮುಖ ಹುಳಿ ತಿಂದಂತಾಯಿತು. ಆಮೇಲೆ ಅವರು ಮೆಲ್ಲಗೆ ಕೇಳಿದರು.

"ಡ್ರೈವರ್ ಸೀಟ್ ಮಣಿ ಆಯ್ತ್, ಒಳ್ಳೆದೇ. ಪಕ್ಕದ್ ಸೀಟಗೆ ಯಾರ್ ಕೂಕಂಬುದ್?"

"ಹೆಂಡ್ತಿ. ಮಗ್ಳ್ ಹಿಂದೆ."

"ಹೆಂಡ್ತಿ ಎಲ್ಲಾ ದಿನವೂ ಕೂಕಂತ್ರಾ? ತಿಂಗ್ಳಿನ್ ಮೂರ್ ದಿನವೂ?"

ಹತ್ತು ಜನ ಗಂಡಸರು ನೆಲ ನೋಡಿದರು. ಕೌಶಲ್ ಕೂಡ ನೋಡಿದ. ನನ್ನ ನಾಲಿಗೆ ಊರಿಗೆಲ್ಲ ಹರಿತ, ಬಸ್ ಕಂಡಕ್ಟರನಿಂದ ಹಿಡಿದು ಬ್ಯಾಂಕ್ ಮ್ಯಾನೇಜರನವರೆಗೆ ಯಾರನ್ನೂ ಬಿಟ್ಟವನಲ್ಲ ನಾನು. ನನ್ನ ಹೆಂಡತಿಯ ಸುದ್ದಿಗೆ ಬಂದರೆ ನಿಮ್ಮ ಊರುಗೋಲು ಮುರಿದು ಕೈಗೆ ಕೊಡುತ್ತೇನೆ ಎನ್ನಬೇಕಿತ್ತು. ನಾನು "ಇಲ್ಲ" ಎಂದೆ. ಅದು ಸುಳ್ಳೂ ಹೌದು, ಹೇಡಿತನವೂ ಹೌದು.

ಮನೆಗೆ ಬಂದವನೇ ಸ್ಪಾನರ್ ತೆಗೆದುಕೊಂಡು ಪಕ್ಕದ ಸೀಟು ಬಿಚ್ಚಿದೆ. ಹಿಂದಿನದನ್ನೂ ಬಿಚ್ಚಿ ಕೊಟ್ಟಿಗೆಗೆ ಹಾಕಿದೆ. ಸಂಜೆಯ ಪೂಜೆ ಮುಗಿಸಿ ಬಂದಾಗ, ಬಸ್ಸಿನಲ್ಲಿ ಮನೆ ಸೇರಿದ್ದ ಸೌಮ್ಯ ಖಾಲಿ ಕಾರಿನೊಳಗೆ ಬಗ್ಗಿ ನೋಡಿದಳು.

"ಇದೆಂತ ಹ್ವಾಯ್?"

ಫೈಬರ್ ಇನ್ನೂ ಒಣಗಬೇಕು ಎಂದು ಶುರು ಮಾಡಿದೆ. ಅವಳು ನಂಬಲಿಲ್ಲ. ಮತ್ತೆ ಮತ್ತೆ ಕೇಳಿದಳು, ಕಡೆಗೆ ರಾಯರು ಕೇಳಿದ್ದನ್ನು ಹೇಳಿದೆ.

"ನೀವೆಂತ ಹೇಳಿದ್ರಿ ಅವ್ರಿಗೆ?"

ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಅನ್ನುತ್ತಾರಲ್ಲ, ಹಾಗೆ ಅವಳ ಮೇಲೆಯೇ ಹಾರಿದೆ. "ನನ್ ಪೂಜಿ ಹೋದ್ರೆ ನಿಂಗ್ ಸಮಾಧಾನವಾ? ಮೀಟಿಂಗ್ ಮುಗಿವರಿಗೆ ಎರಡ್ ತಿಂಗ್ಳ್ ಬಸ್ಸಗೆ ಹೋಪುಕೆ ಎಂತ ಕಷ್ಟ? ಊರಿನ್ ಹೆಂಗ್ಸ್ರೆಲ್ಲ ಬಸ್ಸಗೇ ಹೋಪುದಲ್ದಾ?"

"ಬಸ್ಸಗೆ ಹೋಪುದ್ ಕಷ್ಟ ಅಲ್ಲ" ಎಂದಳು. ಅಷ್ಟು ಹೇಳಿ ಒಳಗೆ ಹೋದಳು. ಆಮೇಲೆ ನಮ್ಮ ನಡುವೆ ಉಪ್ಪು, ಹುಳಿ, ಗ್ಯಾಸ್ ಸಿಲಿಂಡರ್ ಬಿಟ್ಟು ಬೇರೆ ಮಾತು ನಡೆಯಲಿಲ್ಲ.

ಸೆಪ್ಟೆಂಬರಿನ ಒಂದು ಮಧ್ಯಾಹ್ನ, ಮಳೆ ಹೊಯ್ಯುತ್ತಿತ್ತು. ಸಂಜೆಯ ಪೂಜೆಗೆ ಮಿಂದು ಹೊರಟಿದ್ದೆ. ನಮ್ಮ ಮನೆಯಿಂದ ಹೈವೇಗೆ ಹೋಗುವ ಓಣಿಯಲ್ಲಿ ಸೌಮ್ಯ ಎದುರು ಬಂದಳು. ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ತನ್ವಿ. ಹುಡುಗಿ ನಡೆಯುತ್ತಿರಲಿಲ್ಲ, ಅಮ್ಮನ ಸೊಂಟಕ್ಕೆ ಜೋತು ಬಿದ್ದಿದ್ದಳು. ನಾನು ಕಾರು ನಿಲ್ಲಿಸದೆ ಹೋಗಿದ್ದರೂ ಒಂದು ಮರ್ಯಾದೆ ಇರುತ್ತಿತ್ತು, ನೋಡಲಿಲ್ಲ ಎನ್ನಬಹುದಿತ್ತು. ನಾನು ನಿಲ್ಲಿಸಿದೆ. ಗಾಜು ಇಳಿಸಿದೆ.

"ಹ್ವಾಯ್, ಹೆಣ್ಣಿನ ಮೈ ಕೆಂಡ ಕೆಂಡ ಆಯ್ತಿತ್ತ್. ಶಾಲಿಯಿಂದ ಫೋನ್ ಮಾಡಿರ್. ಡಾಕ್ಟ್ರ್ ಹತ್ರ ಹೋಪ."

ತನ್ವಿ ಕಿಟಕಿಯೊಳಗೆ ಕೈ ಚಾಚಿದಳು. ನಾನು ಹಿಂದೆ ಸರಿದೆ. ಮುಟ್ಟಿದರೆ ಮತ್ತೆ ಮೀಯಬೇಕು, ಮಿಂದರೆ ತಡವಾಗುತ್ತದೆ, ತಡವಾದರೆ ಶಾಮರಾಯರು ಜಗಲಿಯಲ್ಲಿ ಗಡಿಯಾರ ನೋಡುತ್ತಾ ಕೂತಿರುತ್ತಾರೆ. ಇಷ್ಟೂ ಲೆಕ್ಕ ಒಂದು ಕ್ಷಣದಲ್ಲಿ ನನ್ನ ತಲೆಯಲ್ಲಿ ನಡೆಯಿತು.

"ಮುಟ್ಟುಕಾಗ ಮಗಾ. ನೀವ್ ರಿಕ್ಷಾ ಮಾಡ್ಕಂಡ್ ಹೋಯ್ನಿ" ಎಂದು ಗಾಜು ಏರಿಸಿದೆ.

ಜ್ವರ ನಾಲ್ಕು ದಿನದಲ್ಲಿ ಬಿಟ್ಟಿತು. ಸೌಮ್ಯ ಬೈಯಲಿಲ್ಲ, ಅಳಲಿಲ್ಲ. ನನಗೆ ಊಟ ಬಡಿಸಿದಳು. ಬಡಿಸುವಾಗ ನನ್ನ ಮುಖ ನೋಡಲಿಲ್ಲ.

ಮುಂದಿನ ತಿಂಗಳ ಒಂದು ಭಾನುವಾರ. ಮಧ್ಯಾಹ್ನದ ಪೂಜೆಗೆಂದು ಮನೆಯ ಬಾವಿಕಟ್ಟೆಯಲ್ಲಿ ಮಿಂದು ಅಂಗಳಕ್ಕೆ ಬಂದರೆ, ಕಾರಿನ ಮಣೆಯ ಮೇಲೆ ಸೌಮ್ಯ ಕೂತಿದ್ದಾಳೆ. ಸ್ಟೇರಿಂಗಿನ ಮೇಲೆ ಎರಡೂ ಕೈ. ಮಾವ ಅವಳಿಗೆ ಕಾಲೇಜಿನ ದಿನಗಳಲ್ಲೇ ಡ್ರೈವಿಂಗ್ ಕಲಿಸಿದ್ದರು, ಲೈಸನ್ಸೂ ಇತ್ತು. ಹಿಂದಿನ ಬರಿ ನೆಲದಲ್ಲಿ ಚಾಪೆ ಹಾಸಿ ತನ್ವಿ ಕೂತಿದ್ದಳು.

"ನಂಗಿವತ್ತ್ ಎರಡ್ನೇ ದಿನ" ಎಂದಳು ಸೌಮ್ಯ. "ಈ ಮಣಿ ಮೈಲ್ಗಿ ಆಯ್ತಾ ಇಲ್ಯಾ ಅಂದೇಳಿ ರಾಯ್ರ್ ಹತ್ರವೇ ಕೇಂತೆ. ಹತ್ತುದಿದ್ರೆ ಹತ್ತಿ."

"ನಿಂಗ್ ತಲಿ ಸಮ ಇತ್ತಾ?"

"ಕಾರ್ ನಂದ್."

ಪಕ್ಕದ ಮನೆಯ ಬೈಕ್ ಕೇಳಬಹುದಿತ್ತು. ಆದರೆ ಇವಳು ಒಬ್ಬಳೇ ಹೋಗಿ ಅಲ್ಲಿ ಏನು ಮಾಡುತ್ತಾಳೋ ಎಂಬ ಹೆದರಿಕೆ. ಹಸಿರು ಬಾಗಿಲು ತೆರೆದು, ಒದ್ದೆ ಪಂಚೆಯಲ್ಲೇ ಫೈಬರ್ ನೆಲದ ಮೇಲೆ ಕೂತೆ. ಅಲ್ಲಿಂದ ರಸ್ತೆ ಕಾಣುವುದಿಲ್ಲ, ಆಕಾಶ ಮಾತ್ರ. ಅವಳು ನನಗಿಂತ ಚೆನ್ನಾಗಿ ಹೊಂಡ ತಪ್ಪಿಸುತ್ತಿದ್ದಳು.

ಶಾಮರಾಯರು ಜಗಲಿಯಲ್ಲಿ ಕೂತಿದ್ದರು, ಪಕ್ಕದಲ್ಲಿ ಕೌಶಲ್. ಸೌಮ್ಯ ದೇವಸ್ಥಾನದ ಗೇಟು ದಾಟಲಿಲ್ಲ. ಹೊರಗೆ ರಸ್ತೆಯಲ್ಲಿ ನಿಂತು ಇಡೀ ಅಂಗಳಕ್ಕೆ ಕೇಳುವಂತೆ ಹೇಳಿದಳು.

"ರಾಯ್ರೆ, ನೀವ್ ಕೇಂಡಿದ್ರಿ ಅಂಬ್ರಲೆ. ಹೌದ್, ನನ್ ಕಾರಗೆ ನಾನ್ ಎಲ್ಲಾ ದಿನವೂ ಕೂಕಂತೆ. ಇವತ್ತೂ ಕೂಕಂಡೇ ಬಂದದ್. ಇನ್ನೆಂತಾರೂ ಕೇಂಬುದಿದ್ರೆ ನನ್ ಹತ್ರವೇ ಕೇಣಿ."

ಶಾಮರಾಯರು ಅವಳ ಕಡೆ ತಿರುಗಲೇ ಇಲ್ಲ. ಅಲ್ಲಿ ಯಾರೂ ನಿಂತಿಲ್ಲವೆಂಬಂತೆ ನನ್ನನ್ನು ನೋಡಿ ನಕ್ಕರು. "ಭಟ್ರೆ, ಹೆಂಗ್ಸ್ರನ್ನ್ ಮುಂದ್ ಬಿಟ್ಕಂಡ್ ಬಪ್ಪುಕ್ ಶುರು ಮಾಡಿದ್ರ್ಯಾ? ಗಂಡ್ಸ್ ನೀವಾ, ಅವ್ರಾ?"

ಆಗ ಹನ್ನೊಂದು ವರ್ಷದ್ದೂ ಒಟ್ಟಿಗೆ ಹೊರಗೆ ಬಂತು. ಸೊಂಟದಲ್ಲಿದ್ದ ಗರ್ಭಗುಡಿಯ ಬೀಗದ ಕೈ ಕಿತ್ತು ಮೆಟ್ಟಿಲಿಗೆ ಬಿಸಾಡಿದೆ. "ತಕಣಿ! ನಿಮ್ಗ್ ಕೌಶಲ್ ಬೇಕಲ್ದಾ, ಅವ್ನೇ ಮಾಡ್ಲಿ! ಬಿದ್ದ್ ಬಾವಿ ಎತ್ತುಕಾಯ್ದೆ ಇದ್ದವ್ರ್ ನಂಗ್ ಮಡಿ ಹೇಳ್ಕೊಡುದಾ? ನಿಮ್ಮ್ ಹೆಸ್ರ್ ಹೇಳಿ ಹೇಳಿ ನನ್ ಬಾಯೇ ಮೈಲ್ಗಿ ಆಯ್ತ್!"

ಕೌಶಲ್ ಬಿಳಿಚಿಕೊಂಡ. ಶಾಮರಾಯರ ಊರುಗೋಲು ಕೈಯಿಂದ ಜಾರಿ ಬಿತ್ತು, ಅದನ್ನು ಎತ್ತಿಕೊಡಲು ಯಾರೂ ಬಗ್ಗಲಿಲ್ಲ. ನಾನು ತಿರುಗಿ ನೋಡದೆ ಬಂದು ಕಾರಿನಲ್ಲಿ ಕೂತೆ.

ಹೆಮ್ಮಾಡಿಯಿಂದ ಬ್ರಹ್ಮಾವರದವರೆಗೆ ನನ್ನಂಥ ಗಂಡಸಿಲ್ಲ ಎನಿಸಿತ್ತು ನನಗೆ. ಹೆಂಡತಿಗಾಗಿ ಅಪ್ಪಯ್ಯನ ಕಾಲದ ಪೂಜೆ ಬಿಟ್ಟು ಬಂದವನು. ಕುಂದಾಪುರ ದಾಟಿತು, ತೆಕ್ಕಟ್ಟೆ ದಾಟಿತು. ಕಡೆಗೆ ನಾನೇ ಕೇಳಿದೆ. "ಈಗ್ಳಾರೂ ಸಮಾಧಾನ ಆಯ್ತಾ?"

"ಸೀಟ್ ಕಿತ್ತದ್ದೂ ರಾಯ್ರಿಗ್ ಬೇಕಾಯಿ" ಎಂದಳು, ರಸ್ತೆಯಿಂದ ಕಣ್ಣು ತೆಗೆಯದೆ. "ಇವತ್ತ್ ಬೀಗದ್ ಕೈ ಬಿಸಾಡದ್ದೂ ರಾಯ್ರಿಗ್ ಬೇಕಾಯಿ. ನಾನ್ ಕೂಗಿ ಹೇಳ್ವತಿಗೆ ನೀವ್ ಸುಮ್ನೇ ಇದ್ದಿದ್ರಿ. ನಿಮ್ಮನ್ನ್ ಗಂಡ್ಸಾ ಅಂದೇಳಿ ಕೇಂಡದ್ದಕ್ಕೆ ಸಿಟ್ಟ್ ಬಂತ್. ಅದ್ರಗೆ ನಂಗೂ ಹೆಣ್ಣಿಗೂ ಎಂತ ಇತ್ತ್?"

ಹಿಂದೆ ತಿರುಗಿದರೆ ತನ್ವಿ ಕಿಟಕಿಯ ಹಿಡಿಕೆಗೆ ಜೋತು ಕೂತಿದ್ದಳು. ನಾನು ಕೈ ಚಾಚಿದೆ. ಅವಳು ಹಿಂದೆ ಸರಿದಳು. "ಅಪ್ಪಯ್ಯ, ನೀವ್ ಮಡಿ" ಎಂದಳು, ನೆನಪು ಮಾಡಿಕೊಡುವವಳಂತೆ.

ಸೌಮ್ಯ ಸಾಲಿಗ್ರಾಮದಲ್ಲಿ ಮನೆಯ ಕಡೆ ತಿರುಗಿಸಲಿಲ್ಲ, ನೇರ ಹಂಗಾರಕಟ್ಟೆಗೆ ಹೋದಳು. ಕೊಟ್ಟಿಗೆಗೆ ಹಾಕಿದ್ದ ಸೀಟುಗಳನ್ನು ಇಲಿಗಳು ಕಡಿದು ಮುಗಿಸಿದ್ದವು. ಅದು ಅವಳಿಗೆ ಗೊತ್ತಿತ್ತು, ರವಿರಾಜನಿಗೆ ಮೊದಲೇ ಫೋನು ಮಾಡಿ ಗುಜರಿಯಿಂದ ಬೇರೆ ಸೀಟುಗಳನ್ನು ತರಿಸಿದ್ದಳು. ಅವು ಒಂದು ಅರ್ಧ ಕಟ್ಟಿದ ದೋಣಿಯ ನೆರಳಿನಲ್ಲಿ ಸಾಲಾಗಿ ಕೂತಿದ್ದವು. ರವಿರಾಜ್ ಸ್ಪಾನರ್ ಹಿಡಿದು ಬಂದು, ನನ್ನನ್ನೂ ಅವಳನ್ನೂ ನೋಡಿ, ಅವಳನ್ನೇ ಕೇಳಿದ.

"ಎಷ್ಟ್ ಸೀಟ್ ಹಾಕ್ಕ್ ಅಕ್ಕ?"

"ಮುಂದಿಂದ್ ಎರಡ್. ನಂಗೊಂದ್, ಹೆಣ್ಣಿಗೊಂದ್."

"ಹಿಂದಿಂದ್?"

ಸೌಮ್ಯ ನನ್ನ ಕಡೆ ನೋಡಿದಳು, ಓಣಿಯಲ್ಲಿ ಗಾಜು ಏರಿಸಿದ ದಿನದ ನಂತರ ಮೊದಲ ಸಲ. ನನ್ನ ಪಂಚೆ ಮೈಮೇಲೆಯೇ ಒಣಗಿತ್ತು.

"ಅದನ್ನ್ ಮತ್ತೆ ಕಾಂಬ" ಎಂದಳು.