ಕೂರುವ ಕೆಲಸ

"ಇನ್ನೂ ಹಿಂದಕ್ಕೆ ಒರಗಿ ಕೂತ್ಕೊಳ್ಳೇ, ಬೆನ್ನು ಅಂಟ್ಬೇಕು. ಬೆವರು ಇಳೀಲಿ. ಮನೇಲಂತೂ ಸ್ನಾನ ಮಾಡಲ್ಲ, ಇಲ್ಲಾದ್ರೂ ಒದ್ದೆಯಾಗು."

ಹೀಗೆ ಹೇಳಿದ ಸೆಂಟು, ಮೂಗಿಗೆ ಕರ್ಚೀಫು ಒತ್ತಿಕೊಂಡು ಬಿಸಿಕೋಣೆಯ ಬಾಗಿಲು ಎಳೆದುಕೊಂಡ. ಅವನು ನಮ್ಮ ಮ್ಯಾನೇಜರ್. ಅವನಿಗಿಂತ ಮೊದಲು ಅವನ ಸೆಂಟಿನ ವಾಸನೆ ಬರುವುದರಿಂದ ಆ ಹೆಸರು. ಬೈಸಿಕೊಂಡವಳು ನನ್ನ ಅತ್ತಿಗೆ. ಉರಿಯುವ ದೀಪಗಳ ಕೆಳಗೆ ಕಾರಿನ ಸೀಟೊಂದರಲ್ಲಿ ಕೂತು, ಎಲ್ಲಿಗೂ ಹೋಗದ ಸವಾರಿ ಮಾಡುತ್ತಿದ್ದಳು.

ನಮ್ಮ ಕಾರ್ಖಾನೆಯಲ್ಲಿ ಕಾರುಗಳಿಗೆ ಹೆಣಿಗೆ ಬಟ್ಟೆ ತಯಾರಾಗುತ್ತದೆ. ಎಳೆದಷ್ಟೂ ಹಿಗ್ಗುವ ಬಟ್ಟೆ. ಕಾಲುಚೀಲದ ಹಾಗೆ ಸೀಟಿಗೆ ತೊಡಿಸಬಹುದು. ಹೊಸ ನಮೂನೆ ಬಂದಾಗಲೆಲ್ಲ ಅದು ಬಿಸಿಗೆ, ಬೆವರಿಗೆ ಸವೆಯುತ್ತದೆಯೇ, ಬಣ್ಣ ಬಿಡುತ್ತದೆಯೇ ಎಂದು ನೋಡಬೇಕು. ಅದಕ್ಕೊಂದು ಮಷೀನು ಇತ್ತು. ರಬ್ಬರಿನ ದೊಡ್ಡ ಕುಂಡಿ, ದಿನವಿಡೀ ಏಳುವುದು, ಕೂರುವುದು, ಉಜ್ಜುವುದು. ನಾವು ಅದನ್ನು ಯಜಮಾನರು ಎನ್ನುತ್ತಿದ್ದೆವು. ಯಜಮಾನರು ಕೆಟ್ಟು ಮೂಲೆ ಸೇರಿದ ಮೇಲೆ ಆ ಕೆಲಸ ನಮ್ಮ ಹೆಂಗಸರ ಪಾಲಿಗೆ ಬಂತು.

"ಅದನ್ನ ರಿಪೇರಿ ಮಾಡ್ಸಲ್ವಾ ಸಾರ್?" ಎಂದು ಕೇಳಿದ್ದೆ.

"ಅದು ಬೆವರಲ್ಲ. ನೀವು ಬೆವರ್ತೀರಿ," ಎಂದಿದ್ದ ಸೆಂಟು.

ಕೂತಲ್ಲೇ ಕೆಲಸ, ರಾಣಿಯರ ಬಾಳು ಎಂದು ನಾವೂ ನಕ್ಕಿದ್ದೆವು. ನಗು ನಿಂತದ್ದು ಈ ಬೂದು ಬಟ್ಟೆ ಬಂದ ಮೇಲೆ. ಬೆಂಕಿ ಹತ್ತದಿರಲಿ ಎಂದು ಅದಕ್ಕೆ ಹೊಸದೇನೋ ಬಳಿದಿದ್ದರಂತೆ. ಏನೆಂದು ಕೇಳಿದರೆ ಯಾರೂ ಬಾಯಿ ಬಿಡಲಿಲ್ಲ.

ಅವತ್ತು ಊಟದ ಬಿಡುವಿನಲ್ಲಿ ಅತ್ತಿಗೆ ನನ್ನನ್ನು ಟಾಯ್ಲೆಟ್ಟಿಗೆ ಕರೆದೊಯ್ದು ಅಂಗಿ ಮೇಲೆತ್ತಿದಳು. ಬೆನ್ನು ಕೆಂಪಗೆ ಎದ್ದು, ಅಲ್ಲಲ್ಲಿ ನೀರು ಜಿನುಗುತ್ತಿತ್ತು.

"ಬಟ್ಟೆದೇ ಕಣೇ ಇದು. ಸೀಟು ಎಲ್ಲಿ ತಾಗುತ್ತೋ ಅಲ್ಲೇ ಎದ್ದಿದೆ ನೋಡು."

ಇಬ್ಬರೂ ಸೆಂಟಿನ ಗಾಜಿನ ಕೋಣೆಗೆ ಹೋದೆವು. ಅವನು ಕುರ್ಚಿಯನ್ನು ಹಿಂದಕ್ಕೆ ತಳ್ಳಿಕೊಂಡು ದೂರದಿಂದಲೇ ನೋಡಿದ.

"ಥೂ, ಕಜ್ಜಿ. ನಿಮ್ಮ ಕೊಂಪೆಯಿಂದ ಹೊತ್ಕೊಂಡು ಬಂದು ನನ್ನ ಬಟ್ಟೆಗೆ ಅಂಟಿಸ್ತೀರಾ? ನಾಳೆಯಿಂದ ನೀನು ಬರ್ಬೇಡ. ಆ ಸೀಟಲ್ಲಿ ಇವಳು ಕೂರ್ಲಿ," ಎಂದು ನನ್ನತ್ತ ಬೆರಳು ತೋರಿಸಿದ.

ಸುದ್ದಿ ನಮಗಿಂತ ಮೊದಲೇ ಮನೆ ಮುಟ್ಟಿತ್ತು. ಅಣ್ಣ ಮಗುವಿನ ಹಾಸಿಗೆಯನ್ನು ಅತ್ತಿಗೆಯ ಪಕ್ಕದಿಂದ ಎಳೆದು ಗೋಡೆಯ ಆಚೆ ಹಾಕಿದ. "ಯಾವುದಕ್ಕೂ ಇರ್ಲಿ," ಎಂದ. ಆಗ ನನಗೆ ಒಂದು ಸಂಗತಿ ನೆನಪಾಯಿತು. ಈ ಬೂದು ಕವರನ್ನು ಮೊದಲ ಸಲ ಸೀಟಿಗೆ ಹಾಕಿಸುವಾಗ ಸೆಂಟು ಗ್ಲೌಸು ತೊಟ್ಟೇ ಮುಟ್ಟಿ ನೋಡಿದ್ದ. ಅತ್ತಿಗೆ ಆಗಿನ್ನೂ ಅದರ ಮೇಲೆ ಕೂತೇ ಇರಲಿಲ್ಲ. ಕಜ್ಜಿ ಅವಳದಾದರೆ ಇವನಿಗೆ ಅವತ್ತೇ ಗ್ಲೌಸು ಯಾಕೆ ಬೇಕಾಗಿತ್ತು?

ಬೆಳಿಗ್ಗೆ ಅವನು ಬರುವ ಮುಂಚೆ ನಾನು ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು, ಯಾರೂ ಕೂರದ ಒಂದು ಹೊಸ ಬೂದು ಕವರನ್ನು ತಂದೆ. ಸೆಂಟಿನ ಕುರ್ಚಿಗೆ ಎಳೆದು ತೊಡಿಸಿದೆ. ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಹೆಂಗಸರೆಲ್ಲ ಹೆಣಿಗೆ ಮಷೀನುಗಳನ್ನು ಶುರು ಮಾಡದೆ ಗಾಜಿನ ಕೋಣೆಯ ಸುತ್ತ ಬಂದು ನಿಂತರು.

ಸೆಂಟು ಬಂದ. ಕುರ್ಚಿ ನೋಡಿ ಬಾಗಿಲಲ್ಲೇ ನಿಂತ.

"ಯಾವ ಮುಂಡೆ ಮಾಡಿದ್ದೇ ಇದನ್ನ?"

"ನಾನೇ ಸಾರ್. ಹೊಸದು. ಇದ್ರ ಮೇಲೆ ನಮ್ಮತ್ತಿಗೆ ಕೂತಿಲ್ಲ, ಯಾರೂ ಕೂತಿಲ್ಲ. ಕಜ್ಜಿ ನಮ್ದು ತಾನೇ? ಆರಾಮಾಗಿ ಕೂತ್ಕೊಳ್ಳಿ."

"ತೆಗೀರೇ ಅದನ್ನ!"

"ನೀವೇ ತೆಗೀರಿ. ಬರಿಗೈಲಿ."

ಅವನ ಕೈ ತಾನಾಗಿ ಜೇಬಿಗೆ ಹೋಯಿತು. ಗ್ಲೌಸಿನ ಬೆರಳುಗಳು ಹೊರಗೆ ಇಣುಕಿದವು. ಎಲ್ಲರೂ ನೋಡಿದರು. ಅವನು ಅದನ್ನು ಮತ್ತೆ ಒಳಗೆ ತುರುಕಿದ.

ಹಿಂದಿನಿಂದ ಅತ್ತಿಗೆ ಬಂದಳು. ಬರಬೇಡ ಎಂದಿದ್ದರೂ ಬಂದಿದ್ದಳು.

"ಹಿಂದಕ್ಕೆ ಒರಗಿ ಕೂತ್ಕೊಳ್ಳಿ ಸಾರ್," ಎಂದಳು. "ಬೆನ್ನು ಅಂಟ್ಬೇಕು."

ಅವನು ಕೂರಲಿಲ್ಲ. ಬಿಸಿಕೋಣೆಯ ದೀಪಗಳನ್ನು ಯಾರೂ ಹಚ್ಚಲಿಲ್ಲ. ಅವನು ತನ್ನ ಕುರ್ಚಿಯ ಪಕ್ಕದಲ್ಲಿ ನಿಂತೇ ಇದ್ದ, ನಾವು ಅವನ ಸುತ್ತ ನಿಂತೇ ಇದ್ದೆವು. ಸ್ವಲ್ಪ ಹೊತ್ತಿಗೆ, ಸೆಂಟಿನ ಘಮಲಿನ ನಡುವೆ, ಮೊದಲ ಸಲ ಅವನ ಮೈಯಿಂದ ಬೆವರಿನ ವಾಸನೆ ಬಂತು.