ಎಡಗೆನ್ನೆ

ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟಾಗಲೇ ಹುಡುಗಿಗೆ ಥಟ್ಟನೆ ನೆನಪಾಯಿತು. ಅಯ್ಯೋ ದೇವರೇ, ಟೈಲರ್ ತಾತನ ಎಡಗೆನ್ನೆ ನೋಡಲೇ ಇಲ್ಲ!

ಪಾರ್ಶ್ವವಾಯು ವಾರ್ಡಿಗೆ ತರಬೇತಿಗೆಂದು ಬಂದಿದ್ದ ನರ್ಸಿಂಗ್ ವಿದ್ಯಾರ್ಥಿನಿ ಅವಳು. ತಾತನ ಎಡಭಾಗದಲ್ಲಿ ಸ್ವಾಧೀನವಿರಲಿಲ್ಲ. ಆ ಕಡೆ ಬಾಯಲ್ಲಿ ತುತ್ತು ಉಳಿದರೂ ಅವನಿಗೆ ತಿಳಿಯದು. ಊಟವಾದ ಮೇಲೆ ಕೆನ್ನೆಯೊಳಗೆ ನೋಡದೆ ಮಲಗಿಸಿದರೆ ತುತ್ತು ಉಸಿರಿನ ದಾರಿಗೆ ಜಾರುತ್ತದೆ, ಕೆಮ್ಮು ಕೂಡ ಬರುವುದಿಲ್ಲ ಎಂದು ಸಿಸ್ಟರ್ ಮೊದಲ ದಿನವೇ ಹೆದರಿಸಿದ್ದರು. ಆ ಹೆದರಿಕೆಯಲ್ಲೇ ಇವಳು ಚಮಚ ಚಮಚಕ್ಕೂ ಅವನ ಗಂಟಲು ನೋಡುತ್ತ ಕೂತು, ತಟ್ಟೆ ಖಾಲಿಯಾದದ್ದೇ ತಡ, ಬದುಕಿದೆಯಾ ಬಡಜೀವವೇ ಎಂದು ಎದ್ದು ಬಂದಿದ್ದಳು.

ವಾರ್ಡಿಗೆ ಫೋನ್ ಮಾಡಿದಳು. ಯಾರೂ ಎತ್ತಲಿಲ್ಲ. ಊಟದ ಹೊತ್ತಿನಲ್ಲಿ ಎತ್ತುವವರಾದರೂ ಯಾರು!

"ಹತ್ತಮ್ಮಾ, ಇಲ್ಲಾಂದ್ರೆ ಇಳಿ!" ಕಂಡಕ್ಟರ್ ಗದರಿದ.

ಇಳಿದು ಓಡಿದಳು. ಲಿಫ್ಟಿಗೆ ಕಾಯುವ ಧೈರ್ಯವಾಗದೆ ಮೆಟ್ಟಿಲು ಹತ್ತಿದಳು. ಸತ್ತೇ ಹೋಗಿದ್ದರೆ? ಕೊಂದವಳು ನಾನೇ ತಾನೆ?

"ನಿದ್ದೆ ಬಂತು ಅಂದ್ರು, ಮಂಚದ ತಲೆಕಡೆ ಇಳಿಸ್ದೆ ಕಣಮ್ಮಾ," ಎಂದಳು ವಾರ್ಡಿನಲ್ಲಿ ಮಂಚದ ಪಕ್ಕ ಕೂತಿದ್ದ ತಾತನ ಹೆಂಡತಿ.

ತಾತ ಅಂಗಾತ ಮಲಗಿದ್ದ. ಕಣ್ಣು ಮುಚ್ಚಿತ್ತು. ಹುಡುಗಿ ಅವನ ಭುಜ ಹಿಡಿದು ಅಲುಗಿಸಿದಳು.

"ತಾತಾ! ಏಳಿ ತಾತಾ!"

ತಾತ ಕಣ್ಣು ಬಿಟ್ಟ. ಅವಳು ಮಂಚದ ತಲೆಭಾಗ ಎತ್ತಿ, ಗ್ಲೌಸ್ ಹಾಕಿ, ಬಟ್ಟೆ ಸುತ್ತಿದ ಬೆರಳನ್ನು ಎಡಗೆನ್ನೆಯೊಳಗೆ ಆಡಿಸಿದಳು. ಹೆಬ್ಬೆರಳಿನಷ್ಟು ದಪ್ಪದ ಆಲೂಗಡ್ಡೆ ಮುದ್ದೆ ಹೊರಬಂತು.

ಅಜ್ಜಿ ನಕ್ಕಳು. "ಜೀವಮಾನವೆಲ್ಲ ಬಾಯಲ್ಲಿ ಅಂಗಿಗುಂಡಿ ಇಟ್ಕೊಂಡೇ ನನ್ನನ್ನ ಬೈದೋರು ಇವ್ರು. ಇದೇನು ಮಹಾ!"

"ಅಜ್ಜಿ, ನಗಬೇಡಿ. ತಪ್ಪು ನಂದು, ನೋಡ್ದೆ ಹೋಗ್ಬಿಟ್ಟೆ. ಇದು ಒಳಗೆ ಜಾರಿದ್ರೆ ನೀವು ಪಕ್ಕದಲ್ಲೇ ಕೂತಿದ್ರೂ ಗೊತ್ತಾಗ್ತಿರ್ಲಿಲ್ಲ. ಸಿಸ್ಟರಿಗೂ ಈಗ್ಲೇ ಹೇಳ್ತೀನಿ."

ಅಜ್ಜಿಯ ನಗು ಅಲ್ಲೇ ಇಂಗಿಹೋಯಿತು. ಅವಳು ಆ ಮುದ್ದೆಯನ್ನೂ ಗಂಡನ ಮುಖವನ್ನೂ ನೋಡಿದಳು.

"ನಾಳೆ ಮನೆಗೆ ಕಳಿಸ್ತಾರಲ್ಲ ಮಗಳೇ. ಅಲ್ಲಿ ಯಾರು ನೋಡ್ತಾರೆ? ನೀನು ಬರ್ತೀಯಾ?"

"ಇಲ್ಲ ಅಜ್ಜಿ."

ಹುಡುಗಿ ಇನ್ನೊಂದು ಗ್ಲೌಸ್ ತೆಗೆದು ಅಜ್ಜಿಯ ಕೈಗೆ ತೊಡಿಸಿದಳು. "ಹಲ್ಲಿನ ನಡುವೆ ಬೇಡ, ಕಚ್ಚಿಬಿಡ್ತಾರೆ. ಹೀಗೆ, ಕೆನ್ನೆ ಪಕ್ಕ."

ಹುಡುಗಿ ಅಜ್ಜಿಯ ಬೆರಳು ಹಿಡಿದು ತಾತನ ಎಡಗೆನ್ನೆಯೊಳಗೆ ಆಡಿಸಿದಳು. ತಾತ ಬಾಯಿ ತೆರೆದುಕೊಂಡು ಇಬ್ಬರನ್ನೂ ಮಿಕಿಮಿಕಿ ನೋಡುತ್ತಿದ್ದ.

"ಏನೂ ಇಲ್ಲ," ಎಂದು ಅಜ್ಜಿ ಬೆರಳು ತೆಗೆದಳು. ಮತ್ತೆ ಗಂಡನ ಕಡೆಗೆ ಬಾಗಿದಳು.

"ಬಾಯಿ ತೆಗೀರಿ, ಇನ್ನೊಂದ್ಸಲ ನೋಡ್ತೀನಿ."